ಹೊಳೆಯಾಚೆಯ ಸಭೆ, ಹೊಳೆಯೀಚೆಯ ಸಭೆ

ನೂರು ವರ್ಷದ ಹಿಂದಿನ ನಕ್ಷೆಯಲ್ಲಿ ತೆಲಿಗಿ ಒಂದು ಮೂಲೆಯ ಊರು. ಅದು ಇರುವ ಹರಪನಹಳ್ಳಿ ತಾಲ್ಲೂಕು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ದಾವಣಗೆರೆ, ಹರಿಹರ. ಅದು ಮೈಸೂರು ಮಹಾರಾಜರ ಸೀಮೆ. ಪಶ್ಚಿಮಕ್ಕೆ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು. ಅದು ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ಹಡಗಲಿಯ ಆಚೆ ಹೊಳೆಯ ಉತ್ತರ ದಡಕ್ಕೆ ಹೋದರೆ ಕೊಪ್ಪಳದ ಕಡೆ, ಅಂದರೆ ನಿಜಾಮನ ರಾಜ್ಯ. ಒಂದೇ ಕನ್ನಡ, ಒಂದೇ ಜೋಳದ ರೊಟ್ಟಿ, ಕೊಟ್ಟೂರು ಬಸವೇಶ್ವರನ ತೇರಿಗೂ ಮೈಲಾರದ ಕಾರಣಿಕಕ್ಕೂ ನಾಲ್ಕೂ ದಿಕ್ಕಿನಿಂದ ಬರುವ ಅದೇ ಜನ. ಸರ್ಕಾರ ಮಾತ್ರ ನಾಲ್ಕು.

ಈ ಭಾಗದಲ್ಲಿ ಕ್ರೈಸ್ತರು ಎಂದೂ ಹೆಚ್ಚು ಸಂಖ್ಯೆಯಲ್ಲಿ ಇದ್ದವರಲ್ಲ. ಆದರೂ ಅವರ ಚರಿತ್ರೆ ಬರೆಯಹೊರಟವರು ಈ ನಾಲ್ಕು ಗಡಿಗಳಿಂದಲೇ ಶುರು ಮಾಡಬೇಕು. ಯಾಕೆಂದರೆ ಮಿಷನ್‌ಗಳೂ ಬಹುಮಟ್ಟಿಗೆ ಇದೇ ಗೆರೆಗಳನ್ನು ಹಿಡಿದು ನಾಡನ್ನು ಹಂಚಿಕೊಂಡಿದ್ದವು. ಬಳ್ಳಾರಿ ಜಿಲ್ಲೆ ಲಂಡನ್ ಮಿಷನ್ನಿನದು. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯ ಕಡೆ ಜರ್ಮನ್-ಸ್ವಿಸ್ ಬಾಸೆಲ್ ಮಿಷನ್. ಮೈಸೂರು ಸಂಸ್ಥಾನದಲ್ಲಿ ಹೆಚ್ಚಾಗಿ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ನಿಜಾಮನ ರಾಯಚೂರು, ಯಾದಗಿರಿಯ ಕಡೆ ಅಮೆರಿಕದ ಮೆಥಡಿಸ್ಟರು. ಒಬ್ಬರ ಕ್ಷೇತ್ರಕ್ಕೆ ಇನ್ನೊಬ್ಬರು ಕಾಲಿಡಬಾರದೆಂಬ ಒಪ್ಪಂದ ಮಿಷನ್‌ಗಳ ನಡುವೆ ಇತ್ತು. ಜಗಳ ತಪ್ಪಿಸಲು ಅದು ಒಳ್ಳೆಯ ಉಪಾಯವೇ. ಆದರೆ ಅದರ ಫಲವಾಗಿ ಒಬ್ಬ ಕನ್ನಡ ಕ್ರೈಸ್ತ ಯಾವ ಸಭೆಯವನೆಂಬುದು ಅವನ ನಂಬಿಕೆಯಿಂದ ತೀರ್ಮಾನವಾಗಲಿಲ್ಲ, ಅವನು ಹುಟ್ಟಿದ ಊರು ಹೊಳೆಯ ಯಾವ ದಡದಲ್ಲಿದೆ ಎಂಬುದರಿಂದ ತೀರ್ಮಾನವಾಯಿತು. ಮದುವೆಯಾಗಿ ಹೊಳೆಯಾಚೆ ಹೋದ ಹೆಣ್ಣುಮಗಳು ಅದೇ ಕರ್ತನಿಗೆ ಅದೇ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದಳು. ಸಭೆಯ ಕಟ್ಟಳೆ ಬೇರೆ, ಆರಾಧನೆಯ ಕ್ರಮ ಬೇರೆ, ಪಾದ್ರಿಗೆ ದೀಕ್ಷೆ ಕೊಡುವ ಕೈ ಬೇರೆ.

ಯುರೋಪಿನಲ್ಲಿ ಈ ಭೇದಗಳಿಗೆ ಕಾರಣವಿತ್ತು. ಅಲ್ಲಿ ರಾಜರು ಕಾದಿದ್ದರು, ಜನ ಸೆರೆಮನೆ ಸೇರಿದ್ದರು, ದೇಶ ಬಿಟ್ಟು ಓಡಿದ್ದರು. ಲಂಡನ್ ಮಿಷನ್ನಿನ ಹಿಂದಿದ್ದ ಕಾಂಗ್ರಿಗೇಷನಲ್ ಪಂಥದವರಿಗೆ ಬಿಷಪ್ ಎಂಬ ಪದವಿಯೇ ಬೇಡವಾಗಿತ್ತು. ಪ್ರತಿ ಊರಿನ ಸಭೆಯೂ ಕ್ರಿಸ್ತನ ಕೈಕೆಳಗೆ ಪೂರ್ಣ ಸ್ವತಂತ್ರ ಎಂಬುದು ಅವರ ನಿಲುವು. ಆಂಗ್ಲಿಕನ್ನರಿಗೆ ಬಿಷಪ್ಪರಿಲ್ಲದ ಸಭೆ ಊಹೆಗೆ ನಿಲುಕದ್ದು. ಈ ವಾದಗಳಿಗೆ ಅವುಗಳದೇ ಘನತೆ ಇದೆ. ಆದರೆ ಹರಪನಹಳ್ಳಿ ಸೀಮೆಯ ವಿಶ್ವಾಸಿಗೆ ಅದರಲ್ಲಿ ಯಾವುದೂ ತನ್ನ ಜಗಳವಾಗಿರಲಿಲ್ಲ. ಇನ್ನೊಬ್ಬರ ಮನೆಯ ಭಾಗದ ವ್ಯಾಜ್ಯ ಅವನ ಅಂಗಳಕ್ಕೆ ಬಂದು ಬಿದ್ದಿತ್ತು.

ಒಡೆದದ್ದು ಮೊದಲು ಸೇರತೊಡಗಿದ್ದು ಸತ್ಯವೇದದ ಕೆಲಸದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ನಿಜಾಮನಿಂದ ಈ ಸೀಮೆ ಕಂಪನಿ ಸರ್ಕಾರಕ್ಕೆ ಬಂದು ಆಗಿನ್ನೂ ಹತ್ತು ವರ್ಷವಾಗಿತ್ತು. ಕನ್ನಡ ಕಲಿತು ಸತ್ಯವೇದವನ್ನು ಕನ್ನಡಕ್ಕೆ ತರುವುದರಲ್ಲಿ ಹ್ಯಾಂಡ್ಸ್ ಎರಡು ದಶಕ ಕಳೆದರು. ಅವರ ಜೊತೆಗಾರ ವಿಲಿಯಂ ರೀವ್ ಇದೇ ಕಾಲದಲ್ಲಿ ಕನ್ನಡ ನಿಘಂಟುಗಳನ್ನು ಸಿದ್ಧಪಡಿಸಿದರು. ನಿಘಂಟುಕಾರ ಕಿಟೆಲ್‌ರ ಹೆಸರು ಬಲ್ಲ ನಾವು ರೀವ್‌ರನ್ನು ಮರೆತದ್ದು ನ್ಯಾಯವಲ್ಲ. ಬಳ್ಳಾರಿಯಲ್ಲಿ ಮಿಷನ್ನಿನ ಮುದ್ರಣಾಲಯವೂ ಶುರುವಾಯಿತು.

ಆ ಮುದ್ರಣಾಲಯದ ಒಂದು ಸಂಗತಿಯನ್ನು ಕನ್ನಡ ಪತ್ರಿಕೋದ್ಯಮದ ಚರಿತ್ರೆಕಾರರು ಬಲ್ಲರು, ಕ್ರೈಸ್ತ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಮಹತ್ವ ಸಂದಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಶುರು ಮಾಡಿದ 'ಮಂಗಳೂರ ಸಮಾಚಾರ' ಮರುವರ್ಷ ಬಳ್ಳಾರಿಗೆ ಬಂತು, 'ಕನ್ನಡ ಸಮಾಚಾರ' ಎಂಬ ಹೆಸರು ತೊಟ್ಟಿತು. ಮಂಗಳೂರಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ಬಳ್ಳಾರಿಯಲ್ಲಿ ಮೊಳೆಯಚ್ಚು ಇತ್ತು. ಜರ್ಮನ್ನರ ಪತ್ರಿಕೆ ಇಂಗ್ಲಿಷರ ಮಿಷನ್ನಿನ ಅಚ್ಚುಕೂಟದಲ್ಲಿ ಅಚ್ಚಾಯಿತು. ದೇವಶಾಸ್ತ್ರದಲ್ಲಿ ಒಪ್ಪದವರು ಕೆಲಸದಲ್ಲಿ ಒಪ್ಪಿದರು.

ಹ್ಯಾಂಡ್ಸ್‌ರ ಅನುವಾದವನ್ನು ತಿದ್ದಬೇಕೆಂದಾಗ ಈ ಒಪ್ಪಿಗೆ ಇನ್ನೂ ಆಳಕ್ಕೆ ಹೋಯಿತು. 1840ರ ದಶಕದಲ್ಲಿ ಬೈಬಲ್ ಸೊಸೈಟಿಯ ಆಶ್ರಯದಲ್ಲಿ ನಡೆದ ತಿದ್ದುಪಡಿಗೆ ಬಾಸೆಲ್ ಮಿಷನ್ನಿನ ವೈಗ್ಲೆ, ಲಂಡನ್ ಮಿಷನ್ನಿನ ಕ್ಯಾಂಪ್‌ಬೆಲ್, ವೆಸ್ಲಿಯನ್ನರ ಸ್ಯಾಂಡರ್‌ಸನ್ ಕೈಹಚ್ಚಿದರು. ಹೀಗೆ ಮೂರು ಮಿಷನ್ನಿನವರ ಕೈ ಸೇರಿ ಆದ ಸತ್ಯವೇದವನ್ನು ಹೊಳೆಯ ಎರಡೂ ದಡದವರು ಓದಿದರು. ಕನ್ನಡ ಕ್ರೈಸ್ತರ ಐಕ್ಯದ ಚರಿತ್ರೆಯನ್ನು ಸಾಮಾನ್ಯವಾಗಿ 1947ರಲ್ಲಿ ಸಭೆಗಳು ಒಂದಾದ ಸಮಾರಂಭದಿಂದ ಹೇಳುತ್ತಾರೆ. ನನಗೆ ಅದರ ಬೇರು ನೂರು ವರ್ಷ ಹಿಂದಿನ ಈ ಕೆಲಸದಲ್ಲಿ ಕಾಣುತ್ತದೆ. ಒಂದೇ ವಚನವನ್ನು ಒಂದೇ ಮಾತಿನಲ್ಲಿ ಬಾಯಿಪಾಠ ಮಾಡಿದ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ತಾವು ಬೇರೆ ಬೇರೆ ಎಂದು ನಂಬುವುದು ಕಷ್ಟವಾಯಿತು.

1908ರಲ್ಲಿ ಮೊದಲ ಹೆಜ್ಜೆ. ಪ್ರೆಸ್ಬಿಟೇರಿಯನ್ ಸಭೆಗಳೂ ಕಾಂಗ್ರಿಗೇಷನಲ್ ಸಭೆಗಳೂ ಕೂಡಿ 'ಸೌತ್ ಇಂಡಿಯಾ ಯುನೈಟೆಡ್ ಚರ್ಚ್' ಆಯಿತು. ಬಳ್ಳಾರಿಯ ಲಂಡನ್ ಮಿಷನ್ ಸಭೆಗಳು ಅದರೊಳಗೆ ಬಂದವು. ಎರಡು ವರ್ಷದ ನಂತರ, 1910ರಲ್ಲಿ, ಬೆಂಗಳೂರಿನಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಶುರುವಾದಾಗ ಬೇರೆ ಬೇರೆ ಮಿಷನ್ನಿನ ಹುಡುಗರು ಒಂದೇ ಬೆಂಚಿನ ಮೇಲೆ ಕುಳಿತು ಪಾದ್ರಿಗಳಾಗಲು ಓದಿದರು. ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿದ್ದ ಬರ್ನಾರ್ಡ್ ಲೂಕಸ್ 1907ರಲ್ಲಿ 'ದಿ ಎಂಪೈರ್ ಆಫ್ ಕ್ರೈಸ್ಟ್' ಎಂಬ ಪುಸ್ತಕ ಬರೆದು, ಭಾರತ ಕ್ರಿಸ್ತನನ್ನು ತನ್ನದೇ ರೀತಿಯಲ್ಲಿ ಸ್ವೀಕರಿಸಲಿ, ಪಾಶ್ಚಾತ್ಯ ಪಂಥಗಳ ಅಚ್ಚಿನಲ್ಲಿ ಅದನ್ನು ಎರಕ ಹೊಯ್ಯುವುದು ಬೇಡ ಎಂದು ವಾದಿಸಿದರು. ಬಳ್ಳಾರಿಯ ಬಿಸಿಲಿನಲ್ಲಿ ಎರಡು ದಶಕ ಕಳೆದವರ ಮಾತು ಅದು.

ಆಮೇಲೆ ಬಂದದ್ದು ಮಹಾಯುದ್ಧ. 1914ರಲ್ಲಿ ಜರ್ಮನಿ ಶತ್ರುದೇಶವಾಯಿತು. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದು ಶಿಬಿರಗಳಲ್ಲಿ ಇಟ್ಟಿತು, ಬಳಿಕ ದೇಶದಿಂದ ಹೊರಗೆ ಕಳಿಸಿತು. ಮಿಷನ್ನಿನ ಹೆಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಸಭೆಗಳು ಇದ್ದಕ್ಕಿದ್ದಂತೆ ಹಿರಿಯರಿಲ್ಲದ ಮನೆಗಳಾದವು. ಅವುಗಳನ್ನು ಹಿಡಿದು ನಿಲ್ಲಿಸಿದವರು ಕನ್ನಡದ ಪಾದ್ರಿಗಳು, ಶಾಲೆಯ ಮೇಷ್ಟ್ರುಗಳು, ಸಭೆಯ ಹಿರಿಯರು. ಬೆನ್ನಿಗೆ ಸ್ವಿಸ್ ಕ್ರೈಸ್ತರೂ ಇತರ ಮಿಷನ್‌ಗಳೂ ನಿಂತವು. ಮಿಷನ್ ಹೋದರೂ ಸಭೆ ಉಳಿಯಿತು. ಸಭೆಯ ಬುಡ ಬಾಸೆಲ್‌ನಲ್ಲಿ ಇಲ್ಲ, ಲಂಡನ್ನಿನಲ್ಲೂ ಇಲ್ಲ, ಕ್ರಿಸ್ತನಲ್ಲಿ ಇದೆ ಎಂದು ಪ್ರಸಂಗಪೀಠದಿಂದ ಕೇಳಿದ್ದ ಮಾತನ್ನು ಆ ವರ್ಷಗಳಲ್ಲಿ ಜನ ಬದುಕಿ ನೋಡಿದರು.

ಆ ಪಾದ್ರಿಗಳ ತಲೆಮಾರಿನಲ್ಲಿ ಒಬ್ಬರ ಮನೆತನದ ಹೆಸರು ನಮ್ಮ ಸೀಮೆಯದು. ಉತ್ತಂಗಿ ಹಡಗಲಿ ತಾಲ್ಲೂಕಿನ ಊರು. ಉತ್ತಂಗಿ ಚೆನ್ನಪ್ಪ ಹುಟ್ಟಿದ್ದು ಧಾರವಾಡದಲ್ಲಿ, 1881ರಲ್ಲಿ. ದುಡಿದದ್ದು ಬಾಸೆಲ್ ಮಿಷನ್ನಿನಲ್ಲಿ. ಅವರು 1924ರಲ್ಲಿ ಪ್ರಕಟಿಸಿದ ಸರ್ವಜ್ಞನ ವಚನಗಳ ಸಂಗ್ರಹಕ್ಕೆ ಕನ್ನಡ ನಾಡು ಇಂದಿಗೂ ಋಣಿ. ಹಳ್ಳಿಹಳ್ಳಿ ತಿರುಗಿ ಜನರ ಬಾಯಿಂದಲೂ ಓಲೆಗಳಿಂದಲೂ ತ್ರಿಪದಿಗಳನ್ನು ಕೂಡಿಹಾಕಿದ ಈ ಪಾದ್ರಿಯನ್ನು ನಾಡು 'ತಿರುಳ್ಗನ್ನಡ ತಿರುಕ' ಎಂದು ಕರೆಯಿತು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿತು. 'ಬನಾರಸಕ್ಕೆ ಬೆತ್ಲೆಹೇಮಿನ ವಿಜ್ಞಾಪನೆ' ಬರೆದವರೂ ಅನುಭವ ಮಂಟಪದ ಐತಿಹಾಸಿಕತೆಯ ಪರವಾಗಿ ಲೇಖನಿ ಹಿಡಿದವರೂ ಇವರೇ. ಕ್ರಿಸ್ತನ ಮೇಲಿನ ಭಕ್ತಿ ಗಟ್ಟಿಯಾಗಿದ್ದರೆ ಪಂಥದ ಬೇಲಿ ಬೇಕಾಗುವುದಿಲ್ಲ ಎಂಬುದಕ್ಕೆ ಅವರ ಬದುಕಿಗಿಂತ ಹೆಚ್ಚಿನ ಸಾಕ್ಷಿಯನ್ನು ನಾನು ಹುಡುಕುವುದಿಲ್ಲ.

ಐಕ್ಯದ ಮುಂದಿನ ಹೆಜ್ಜೆ ನೋಡಲು ಈಗ ತಮಿಳುನಾಡಿನ ಕಡಲ ತೀರಕ್ಕೆ ಹೋಗಬೇಕು. ತರಂಗಂಬಾಡಿ, ಅಂದರೆ ಟ್ರ್ಯಾಂಕ್ವಿಬಾರ್, ಡೇನಿಷರ ಹಳೆಯ ನೆಲೆ. 1706ರಲ್ಲಿ ಭಾರತದ ಮೊದಲ ಪ್ರಾಟೆಸ್ಟಂಟ್ ಮಿಷನರಿಗಳಾದ ತ್ಸೀಗನ್‌ಬಾಲ್ಗ್ ಮತ್ತು ಪ್ಲೂಟ್‌ಶೌ ಇಳಿದ ಬಂದರು. 1919ರ ಮೇ 1 ಮತ್ತು 2ರಂದು ಅಲ್ಲಿ 33 ಜನ ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಮುಂದೆ ನಿಂತವರು ಡೋರ್ನಕಲ್‌ನ ಬಿಷಪ್ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಜೊತೆಗೆ ಯುನೈಟೆಡ್ ಚರ್ಚಿನ ವಿ. ಸಂತಿಯಾಗೊ. ಸುವಾರ್ತೆಯ ಕೆಲಸಕ್ಕೆ ಒಡಕೇ ದೊಡ್ಡ ಅಡ್ಡಿ, ಈ ಒಡಕನ್ನು ನಾವು ಮಾಡಿದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದದ್ದು, ಇದನ್ನು ಮುಂದುವರಿಸುವ ಇಚ್ಛೆಯೂ ನಮಗಿಲ್ಲ ಎಂಬ ಅರ್ಥದ ಹೇಳಿಕೆಯನ್ನು ಅವರು ಹೊರಡಿಸಿದರು. ಐಕ್ಯಕ್ಕೆ ನಾಲ್ಕು ನೆಲೆಗಳನ್ನೂ ಸೂಚಿಸಿದರು: ಪವಿತ್ರ ಗ್ರಂಥ, ಹಳೆಯ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನವೆಂಬ ಎರಡು ಸಂಸ್ಕಾರಗಳು, ಈ ನೆಲಕ್ಕೆ ಹೊಂದುವಂತೆ ರೂಪಿಸಿದ ಬಿಷಪ್ ಪದವಿ.

ಮೊದಲ ಮೂರಕ್ಕೆ ತಕರಾರು ಹೆಚ್ಚಿರಲಿಲ್ಲ. ನಾಲ್ಕನೆಯದು 28 ವರ್ಷ ತಿಂದಿತು.

1920ರಿಂದ ಜಂಟಿ ಸಮಿತಿ ಕೂಡಿತು. 1925ರಲ್ಲಿ ವೆಸ್ಲಿಯನ್ನರು ಮಾತುಕತೆಗೆ ಬಂದರು. ಮೈಸೂರು ಸಂಸ್ಥಾನದ ಕನ್ನಡ ಸಭೆಗಳು ಹೀಗೆ ದಾರಿಗೆ ಸೇರಿದವು. 1929ರಲ್ಲಿ ಐಕ್ಯದ ಯೋಜನೆ ಅಚ್ಚಾಗಿ ಹೊರಬಂತು. ಅದಾದ ಮೇಲೆ ತಿದ್ದಿದ್ದೇ ತಿದ್ದಿದ್ದು. ತೊಡಕು ಇದು: ಆಂಗ್ಲಿಕನ್ ಪಾದ್ರಿಗೆ ಬಿಷಪ್ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟಿರುತ್ತಾನೆ, ಆ ಬಿಷಪ್ಪನಿಗೆ ಅವನ ಹಿಂದಿನವರು, ಅವರಿಗೆ ಅವರ ಹಿಂದಿನವರು, ಹೀಗೆ ಅಪೊಸ್ತಲರ ಕಾಲದವರೆಗೆ ಪರಂಪರೆ ಎಣಿಸುತ್ತಾರೆ. ಬಳ್ಳಾರಿಯ ಲಂಡನ್ ಮಿಷನ್ ಪಾದ್ರಿಗೆ ಆ ಪರಂಪರೆಯ ದೀಕ್ಷೆ ಇಲ್ಲ. ಹಾಗಾದರೆ ಅವನು ಮುರಿದ ರೊಟ್ಟಿ ಕರ್ತನ ಭೋಜನ ಹೌದೋ ಅಲ್ಲವೋ? ಅವನಿಗೆ ಹೊಸದಾಗಿ ದೀಕ್ಷೆ ಕೊಡೋಣ ಎಂದರೆ ಇಷ್ಟು ದಿನ ಅವನು ಮಾಡಿದ್ದೆಲ್ಲ ಸುಳ್ಳು ಎಂದಂತೆ. ಕೊಡುವುದು ಬೇಡ ಎಂದರೆ ಆಂಗ್ಲಿಕನ್ನರ ಮನಸ್ಸಾಕ್ಷಿ ಒಪ್ಪುವುದಿಲ್ಲ. ಸಾಮಾನ್ಯ ವಿಶ್ವಾಸಿಗಳು ಭೋಜನ ಸಂಸ್ಕಾರ ನಡೆಸಬಹುದೇ ಎಂಬ ಪ್ರಶ್ನೆಯನ್ನು ಕಾಂಗ್ರಿಗೇಷನಲ್ ಕಡೆಯವರು ಎತ್ತಿದಾಗ ಗಂಟು ಇನ್ನೂ ಬಿಗಿಯಿತು.

ಬಿಡಿಸಿದ ರೀತಿ ಸರಳ, ಆದರೆ ಅದಕ್ಕೆ ಧೈರ್ಯ ಬೇಕಾಗಿತ್ತು. ಯಾರಿಗೂ ಮರುದೀಕ್ಷೆ ಇಲ್ಲ. ಐಕ್ಯವಾದ ದಿನ ಯಾರು ಯಾರು ಪಾದ್ರಿಗಳೋ ಅವರೆಲ್ಲ ಹೊಸ ಸಭೆಯ ಪಾದ್ರಿಗಳೇ. ಆ ದಿನದಿಂದ ಮುಂದೆ ಆಗುವ ಎಲ್ಲ ದೀಕ್ಷೆಯೂ ಬಿಷಪ್ಪರ ಕೈಯಿಂದ. ಬೇರೆ ಸಭೆಗಳಿಂದ ಬರುವವರ ವಿಷಯದಲ್ಲಿ 30 ವರ್ಷ ಹೀಗೆಯೇ ನಡೆಸಿ, ಬಳಿಕ ಸಭೆ ಮತ್ತೆ ಯೋಚಿಸಲಿ. ಅಲ್ಲಿಯವರೆಗೆ ಯಾವ ಊರಿನ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನಾಗಲಿ ಆರಾಧನಾ ಕ್ರಮವನ್ನಾಗಲಿ ಹೇರುವುದಿಲ್ಲವೆಂದು ಪರಸ್ಪರ ಮಾತು ಕೊಟ್ಟರು.

ಇದು ರಾಜಿ ಎಂದು ಟೀಕಿಸಿದವರು ಕಡಿಮೆ ಜನರಲ್ಲ. ಇಂಗ್ಲೆಂಡಿನಲ್ಲಿ ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಪುಸ್ತಕವನ್ನೇ ಬರೆದರು. ಇಂಥ ಕೂಡುವಿಕೆ ಸಭೆಯನ್ನೇ ಕೆಡವುತ್ತದೆಂಬುದು ಅವರ ಭಯ. ಅದಕ್ಕೆ ತೂಕದ ಉತ್ತರ ಬಂದದ್ದು ಸ್ಕಾಟ್ಲೆಂಡಿನಿಂದ ಮಿಷನರಿಯಾಗಿ ಬಂದು ಐಕ್ಯಸಭೆಯ ಬಿಷಪ್ಪರಾದ ಲೆಸ್ಲಿ ನ್ಯೂಬಿಗಿನ್‌ರಿಂದ, 1948ರ ಅವರ 'ದಿ ರಿಯೂನಿಯನ್ ಆಫ್ ದಿ ಚರ್ಚ್' ಪುಸ್ತಕದಲ್ಲಿ. ಅವರ ವಾದದ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಬ್ಬ ಪಾಪಿಯನ್ನು ದೇವರು ಸ್ವೀಕರಿಸುವುದು ಅವನ ಅರ್ಹತೆ ನೋಡಿ ಅಲ್ಲ, ಕೃಪೆಯಿಂದ. ಹಾಗೆಯೇ ಒಂದು ಸಭೆಯನ್ನು ಸಭೆಯಾಗಿಸುವುದೂ ಅದರ ಪರಂಪರೆಯ ಪಟ್ಟಿಯಾಗಲಿ ಸಿದ್ಧಾಂತದ ಶುದ್ಧಿಯಾಗಲಿ ಅಲ್ಲ, ಕ್ರಿಸ್ತನ ಕೃಪೆ. ಕ್ರಿಸ್ತನು ಸ್ವೀಕರಿಸಿ ಬಳಸಿಕೊಂಡಿರುವ ಸಭೆಯನ್ನು ನಾವು ತಿರಸ್ಕರಿಸಲು ಯಾರು? ಮೊದಲು ಸ್ವೀಕರಿಸೋಣ, ತಿದ್ದಿಕೊಳ್ಳಬೇಕಾದ್ದನ್ನು ಒಂದೇ ಮನೆಯಲ್ಲಿದ್ದು ತಿದ್ದಿಕೊಳ್ಳೋಣ. ಐಕ್ಯದ ಪರವಾಗಿ ನಾನು ಓದಿದ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ.

ಅಜರಯ್ಯ ಐಕ್ಯದ ದಿನ ನೋಡಲಿಲ್ಲ. 1945ರ ಜನವರಿ 1ರಂದು ಅವರು ತೀರಿಕೊಂಡರು. ಅದೇ ತಿಂಗಳು ಆಂಗ್ಲಿಕನ್ ಮಹಾಸಭೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೆಥಡಿಸ್ಟರು ಅದಕ್ಕೂ ಮೊದಲೇ ಒಪ್ಪಿದ್ದರು. ಯುನೈಟೆಡ್ ಚರ್ಚ್ 1946ರಲ್ಲಿ ಒಪ್ಪಿತು.

1947ರ ಸೆಪ್ಟೆಂಬರ್ 27, ಶನಿವಾರ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ. ಉತ್ತರದಲ್ಲಿ ದೇಶ ಎರಡಾಗಿ ಧರ್ಮದ ಹೆಸರಿನಲ್ಲಿ ರಕ್ತ ಹರಿಯುತ್ತಿದ್ದ ದಿನಗಳು. ಮದ್ರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ ತಿರುವಾಂಕೂರು-ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್ ಮೂರೂ ಸಭೆಗಳ ಒಪ್ಪಿಗೆಯನ್ನು ಸ್ವೀಕರಿಸಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಉದಯವಾಯಿತೆಂದು ಘೋಷಿಸಿದರು. ಸುಮಾರು ಹತ್ತು ಲಕ್ಷ ವಿಶ್ವಾಸಿಗಳು, 14 ಡಯಾಸಿಸ್‌ಗಳು. ಬಿಷಪ್ಪರಿರುವ ಸಭೆಯೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಒಂದಾದದ್ದು ಪ್ರಾಟೆಸ್ಟಂಟ್ ಸುಧಾರಣೆಯ ನಂತರದ ಚರಿತ್ರೆಯಲ್ಲಿ ಅದೇ ಮೊದಲು. ಹೊಸ ಬಿಷಪ್ಪರಿಗೆ ಅಭಿಷೇಕವಾದದ್ದೂ ಅದೇ ದಿನ. ಕನ್ನಡದವರಿಗೆ ಅವರಲ್ಲಿ ಇಬ್ಬರ ಹೆಸರು ಮುಖ್ಯ. ಮೈಸೂರು ಡಯಾಸಿಸ್‌ಗೆ ಪಿ. ಗುರುಶಾಂತ. ಇನ್ನೊಬ್ಬರು ಹೊಸಪೇಟೆ ಸುಮಿತ್ರ. ಹೆಸರಿನಲ್ಲೇ ನಮ್ಮ ನೆರೆಯ ಊರನ್ನು ಹೊತ್ತಿದ್ದ ಇವರು ಕಡಪದ ಬಿಷಪ್ಪರಾಗಿ, ಮುಂದೆ 1954ರಿಂದ 1962ರವರೆಗೆ ಇಡೀ ಸಿಎಸ್‌ಐಗೆ ಮಾಡರೇಟರ್ ಆಗಿದ್ದರು.

ಎಲ್ಲರೂ ಬಂದರೇ? ಬರಲಿಲ್ಲ. ಬಳ್ಳಾರಿಗೆ ದೂರವಲ್ಲದ ನಂದ್ಯಾಲದ ಕಡೆಯ ಸಾವಿರಾರು ಆಂಗ್ಲಿಕನ್ನರು ಹೊರಗೆ ಉಳಿದರು. ನಿಜಾಮ ಸೀಮೆಯ ಅಮೆರಿಕನ್ ಮೆಥಡಿಸ್ಟ್ ಸಭೆಗಳು ಬೇರೆಯಾಗಿಯೇ ಇದ್ದವು, ಇಂದಿಗೂ ಬೇರೆ. ಬಾಸೆಲ್ ಪರಂಪರೆಯ ಮುಂಬಯಿ-ಕರ್ನಾಟಕದ ಸಭೆಗಳು ತಡವಾಗಿ ಸೇರಿದವು. ಆ ಪರಂಪರೆಯಲ್ಲಿ ಸೇರದೆ ಹಳೆಯ ಹೆಸರಿನಲ್ಲೇ ಮುಂದುವರಿದ ಸಭೆಗಳೂ ಇವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, 1956ರಲ್ಲಿ ಕನ್ನಡ ನಾಡು ಒಂದಾಯಿತು. ತೆಲಿಗಿಯ ಸುತ್ತಲಿನ ನಾಲ್ಕು ಸರ್ಕಾರಗಳು ಒಂದಾದ ಕಾಲದಲ್ಲೇ ನಾಲ್ಕು ಮಿಷನ್‌ಗಳಲ್ಲಿ ಮೂರರ ಸಭೆಗಳು ಒಂದು ಮನೆಯ ಕಡೆ ನಡೆದವು. 1970ರಲ್ಲಿ ಮೈಸೂರು ಡಯಾಸಿಸ್ ಕರ್ನಾಟಕದ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾದದ್ದು ಒಡಕಿನಿಂದಲ್ಲ, ಹೊಣೆ ಹೆಚ್ಚಿದ್ದರಿಂದ.

ಕಾಗದದ ಐಕ್ಯವನ್ನು ಪ್ರತಿ ಭಾನುವಾರದ ಆರಾಧನೆಗೆ ಇಳಿಸಿದ್ದು 1950ರಲ್ಲಿ ಬಂದ ಕರ್ತನ ಭೋಜನದ ಕ್ರಮ. ಅದರಲ್ಲಿ ಸಭಾಪಾಲಕರು ಮೇಜಿನ ಹಿಂದೆ ಜನರ ಕಡೆ ಮುಖಮಾಡಿ ನಿಲ್ಲುತ್ತಾರೆ. ರೊಟ್ಟಿ ಮುರಿಯುವ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ: ಒಬ್ಬರು ಜೋಡಿಸಿದ ಅಂಗೈಗಳನ್ನು ಇನ್ನೊಬ್ಬರ ಅಂಗೈಗಳ ನಡುವೆ ಇಡುತ್ತಾರೆ, ಅವರು ಪಕ್ಕದವರಿಗೆ, ಹೀಗೆ ಕೊನೆಯ ಸಾಲಿನವರೆಗೆ. ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪದ್ಧತಿ ಇದು. ಮುಟ್ಟುವುದೇ ಮೈಲಿಗೆ ಎನ್ನುವ ನಾಡಿನಲ್ಲಿ, ಯಾವ ಜಾತಿಯ ಕೈ ಎಂದು ಕೇಳದೆ ಕೈ ಹಿಡಿಯಲೇಬೇಕಾದ ಆರಾಧನೆಯನ್ನು ಈ ಕ್ರಮ ರಚಿಸಿದವರು ಬರೆದರು.

ಯಾಕೆಂದರೆ ಹೊರಗಿನಿಂದ ಬಂದ ಒಡಕು ಮಿಷನ್‌ಗಳದಾದರೆ, ಒಳಗಿನದು ಜಾತಿ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಸಭೆಯೊಳಗೆ ಜಾತಿ ಕೂಡದೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಸಭೆಗಳಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಮದುವೆ ಸಂಬಂಧ ಹುಡುಕುವಾಗ, ಸಭೆಯ ಚುನಾವಣೆಯಲ್ಲಿ ಗುಂಪು ಕಟ್ಟುವಾಗ ಅದು ಇಂದಿಗೂ ತಲೆ ಎತ್ತುತ್ತದೆ. ಐಕ್ಯಕ್ಕಾಗಿ 28 ವರ್ಷ ಮಾತಾಡಿದ ಸಭೆ ಆಸ್ತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನೋಡಿದಾಗ ಸಂಕಟವಾಗುತ್ತದೆ. ಯೋಹಾನನ 17ನೆಯ ಅಧ್ಯಾಯದಲ್ಲಿ ಕರ್ತನು ತನ್ನವರೆಲ್ಲರಿಗಾಗಿ ಬೇಡಿದ್ದು ಆಡಳಿತದ ಐಕ್ಯವನ್ನಲ್ಲ, ತನಗೂ ತಂದೆಗೂ ಇರುವಂಥ ಅನ್ಯೋನ್ಯತೆಯನ್ನು. 1947ರವರು ಕಟ್ಟಿದ್ದು ಆ ಅನ್ಯೋನ್ಯತೆಗೆ ಒಂದು ಮನೆ. ಒಳಗೆ ಹೇಗೆ ಬಾಳಬೇಕೆಂಬುದನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸಭಾಪಾಲಕರಲ್ಲಿ, ಸಭೆಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಸಿಎಸ್‌ಐ ಇರಲಿ, ಮೆಥಡಿಸ್ಟ್ ಇರಲಿ, ಪೆಂತೆಕೋಸ್ತ್ ಇರಲಿ, ಸ್ವತಂತ್ರ ಪ್ರಾರ್ಥನಾ ಮಂದಿರವಿರಲಿ, ಪ್ರತಿವರ್ಷ ಸೆಪ್ಟೆಂಬರ್ 27ರಂದು ಯಾವುದಾದರೂ ಒಂದು ಊರಿನಲ್ಲಿ ಒಟ್ಟಿಗೆ ಕೂಡಿ ಪ್ರಾರ್ಥಿಸಿರಿ. ಕ್ಯಾಥೊಲಿಕ್ ಗುರುಗಳನ್ನೂ ಕರೆಯಿರಿ. 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅವರಿಗೂ ಆ ಬಾಗಿಲು ತೆರೆದಿದೆ. ಯಾರ ಸಿದ್ಧಾಂತವನ್ನೂ ಯಾರೂ ಬಿಡಬೇಕಿಲ್ಲ. ಮೊದಲು ಒಬ್ಬರ ಕೈ ಒಬ್ಬರು ಹಿಡಿಯಿರಿ, ಚರ್ಚೆ ಆಮೇಲೆ ನಡೆಯಲಿ.